ಇಂದೂಬಾಯಿಯವರ ಕಾರಿನ ಮುಂದಿನ ಗಾಲಿಗಳು

ಟಯರ್ ಅಂಗಡಿಗಳಲ್ಲಿ ಈಗ ಕೆಲಸಕ್ಕೆ ಸೇರುವ ಹುಡುಗರು ನನ್ನನ್ನು ಕಂಡಾಗ ಕೇಳುವ ಪ್ರಶ್ನೆ ಒಂದೇ. "ಕಂಪ್ಯೂಟರ್ ಇರಲಾರದಾಗ ಅಲೈನ್‌ಮೆಂಟ್ ಹೆಂಗ ಮಾಡ್ತಿದ್ರಿ ಕಾಕಾ?" ದಾರ, ಬಳಪ, ತೂಗುಗುಂಡು ಎಂದರೆ ನಗುತ್ತಾರೆ. ನಗಲಿ. ದಾರದಿಂದ ಕೆಲಸ ಹೇಗೆ ಮಾಡುತ್ತಿದ್ದೆವು ಎಂಬುದನ್ನು ಹೇಳುವುದು ಸುಲಭ. ಗಾಡಿಯ ದೂರು ಒಂದಿದ್ದು ಗಿರಾಕಿಯ ದೂರು ಇನ್ನೊಂದಿದ್ದಾಗ ಏನು ಮಾಡುತ್ತಿದ್ದೆವು ಎಂಬುದನ್ನು ಮಾತ್ರ ಒಂದು ಚಹಾದ ಹೊತ್ತಿನಲ್ಲಿ ಹೇಳಲಾಗುವುದಿಲ್ಲ. ಅದಕ್ಕಾಗಿ ಬರೆಯಲು ಕೂತಿದ್ದೇನೆ.

ನಮ್ಮ ಮನೆತನದ್ದು ತೊಗರಿ ವ್ಯಾಪಾರ. ಅಪ್ಪ, ದೊಡ್ಡಪ್ಪ ಎಲ್ಲರೂ ಗಾದಿಯ ಮೇಲೆ ಕೂತವರು. ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಐಟಿಐ ಮುಗಿಸಿ ಜಗತ್ ಸರ್ಕಲ್ ಹಿಂದಿನ ಗಲ್ಲಿಯಲ್ಲಿ ಮೆಹಬೂಬ್ ಸಾಬರ ಗ್ಯಾರೇಜು ಸೇರಿದೆ. "ಲಿಂಗಾ ಕಟ್ಟಿದ ಕೈಗೆ ಗ್ರೀಸ್ ಹಚ್ಕೊಂಡು ಬಂದಿ" ಎಂದು ಅವ್ವ ಕೆಲವು ದಿನ ಗೊಣಗಿದಳು. ಆಮೇಲೆ ಬಚ್ಚಲಲ್ಲಿ ನನಗೆಂದೇ ಬೇರೆ ಸೋಪು ಇಟ್ಟಳು. ಅಲ್ಲಿಗೆ ಒಪ್ಪಿದಂತಾಯಿತು.

ಮೆಹಬೂಬ್ ಸಾಬರನ್ನು ಊರೆಲ್ಲ ಉಸ್ತಾದ್ ಎಂದೇ ಕರೆಯುತ್ತಿತ್ತು. ಎತ್ತರದ ಆಳು, ಮಾತು ಕಡಿಮೆ. ಇಂಜಿನ್ ಕೆಲಸ ಬೇರೆಯವರಿಗೆ ಬಿಟ್ಟು, ಮುಂದಿನ ಗಾಲಿ, ಸ್ಟೇರಿಂಗ್, ಸಸ್ಪೆನ್ಷನ್ ಇಷ್ಟನ್ನೇ ಹಿಡಿದಿದ್ದರು. ಸಿಟ್ಟು ಬಂದರೆ ಗಿರಾಕಿಯ ಮುಂದೆ ಕೂಗಾಡುತ್ತಿರಲಿಲ್ಲ. ನಮ್ಮ ಕೈಯಲ್ಲಿದ್ದ ಬೋಲ್ಟು ಬಿಚ್ಚುವ ಪಾನಾ ಮೆಲ್ಲಗೆ ತೆಗೆದುಕೊಂಡು ಸುಟ್ಟೆಣ್ಣೆಯ ಡಬ್ಬದಲ್ಲಿ ಹಾಕಿ ಹೋಗುತ್ತಿದ್ದರು. ಅದನ್ನು ಹುಡುಕಿ, ಒರೆಸಿ, ಮತ್ತೆ ಕೆಲಸಕ್ಕೆ ನಿಲ್ಲುವಷ್ಟರಲ್ಲಿ ತಪ್ಪು ಎಲ್ಲಾಯಿತು ಎಂದು ನಮಗೇ ಹೊಳೆದಿರುತ್ತಿತ್ತು.

ಅವರು ನನಗೆ ಮೊದಲು ಕಲಿಸಿದ್ದು ಟಯರಿನ ಮೇಲೆ ಅಂಗೈ ಸವರುವುದನ್ನು. ಹೊರಗಿನಿಂದ ಒಳಗೆ, ಒಳಗಿನಿಂದ ಹೊರಗೆ. ಒಂದು ಕಡೆಗೆ ನುಣ್ಣಗೆ ಜಾರಿದ ಕೈ ಮರಳುವಾಗ ಗರಗಸದ ಹಲ್ಲಿನಂತೆ ತಡೆದರೆ ಟೋ ತಪ್ಪಿದೆ ಎಂದರ್ಥ. ಅಂದರೆ ಮುಂದಿನ ಎರಡೂ ಗಾಲಿಗಳ ಮೂತಿ ಒಂದಕ್ಕೊಂದು ಎಷ್ಟು ಹತ್ತಿರ ಇರಬೇಕೋ ಅಷ್ಟಿಲ್ಲ. ತೂಗುಗುಂಡು ಇಳಿಬಿಟ್ಟು ನೋಡಿದರೆ ಗಾಲಿಯ ವಾಲಿಕೆ, ಅಂದರೆ ಕ್ಯಾಂಬರ್ ಗೊತ್ತಾಗುತ್ತಿತ್ತು. ಕ್ಯಾಸ್ಟರ್ ಎಂಬುದು ಮಾತ್ರ ಬಹಳ ದಿನ ನನ್ನ ತಲೆಗೆ ಹೋಗಲಿಲ್ಲ. ಒಮ್ಮೆ ಉಸ್ತಾದರು ಹೊರಗೆ ನಿಂತಿದ್ದ ಸೈಕಲ್ ತೋರಿಸಿದರು. "ಇದರ ಮುಂದಿನ ಫೋರ್ಕ್ ನೆಟ್ಟಗ ಅದ ಏನು? ಹಿಂದಕ್ಕ ಓರೆ ಅದ. ಅದಕ್ಕ ನೀ ಕೈ ಬಿಟ್ಟರೂ ಸೈಕಲ್ ಸೀದಾ ಹೋಗ್ತದ. ಗಾಡೀದೂ ಅಷ್ಟೇ. ತಿರುವು ದಾಟಿದ ಮ್ಯಾಲ ಸ್ಟೇರಿಂಗ್ ತನ್ನಷ್ಟಕ್ಕ ತಾನು ಮನಿಗೆ ಬರಬೇಕು." ಸ್ಟೇರಿಂಗ್ ಮನೆಗೆ ಬರುವುದು ಎಂಬ ಮಾತನ್ನು ನಾನು ಕೊನೆಯವರೆಗೂ ಬಳಸಿದೆ.

ಸರಿಮಾಡಿದ ಗಾಡಿಯನ್ನು ಪರೀಕ್ಷೆಗೆ ಕುಸನೂರ ರಸ್ತೆಗೆ ಒಯ್ಯುತ್ತಿದ್ದೆವು. ಆಗ ಅಲ್ಲಿ ವಿಶ್ವವಿದ್ಯಾಲಯ ಬಿಟ್ಟರೆ ಬಯಲು, ಜಾಲಿಗಿಡ, ಎಲ್ಲೋ ಒಂದು ಎತ್ತಿನ ಗಾಡಿ. ಊರಿನ ಪಕ್ಕದ ಗಟ್ಟಿ ನೆಲದಲ್ಲಿ ಗುಂಡಗೆ ಸುತ್ತು ಹಾಕಿ ಗಾಡಿ ಎಷ್ಟು ವಾಲುತ್ತದೆ, ಎಲ್ಲಿ ಹೊರಗೆ ತಳ್ಳುತ್ತದೆ ಎಂದು ನೋಡುತ್ತಿದ್ದೆವು. ಈಗ ಆ ಜಾಗದಲ್ಲಿ ಮಹಡಿ ಮನೆಗಳಿವೆ. ಯಾವ ಮನೆಯ ಅಡುಗೆಕೋಣೆಯಲ್ಲಿ ನಾನು ಜೀಪು ತಿರುಗಿಸುತ್ತಿದ್ದೆನೋ!

ತಿರುವಿನ ಹುಚ್ಚು ಹಿಡಿದ ಗಿರಾಕಿಗಳೂ ಬರುತ್ತಿದ್ದರು. ನಂದೂರದಲ್ಲಿ ದಾಲ್ ಮಿಲ್ ಇಟ್ಟಿದ್ದ ಚನ್ನಬಸಪ್ಪ ಎಲ್ಲೋ ಪತ್ರಿಕೆಯಲ್ಲಿ ಓಟದ ಕಾರಿನ ಚಿತ್ರ ನೋಡಿ, ತನ್ನ ಅಂಬಾಸಿಡರ್‌ಗೂ ಅಂಥ ಅಗಲ ಟಯರ್ ಬೇಕೆಂದು ಹಟ ಹಿಡಿದರು. ಉಸ್ತಾದರು ಬೇಡವೆಂದರು. ಬೇರೆ ಕಡೆ ಹಾಕಿಸಿಕೊಂಡು ಬಂದರು. ನೇರ ರಸ್ತೆಯಲ್ಲಿ ಗಾಡಿ ಮದುಮಗನ ಹಾಗೆ ಕಾಣುತ್ತಿತ್ತು. ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಮಾತ್ರ ಟಯರ್ ಮಡ್‌ಗಾರ್ಡಿಗೆ ಉಜ್ಜಿ ಹಂದಿ ಕಿರುಚಿದಂತೆ ಸದ್ದು. ಜಗತ್ ಸರ್ಕಲ್‌ನಲ್ಲಿ ಅವರು ತಿರುಗುವ ಹೊತ್ತಿಗೆ ಬಾಳೆಹಣ್ಣಿನ ಬಂಡಿಯವರು ದಾರಿ ಬಿಡುತ್ತಿದ್ದರು. ಕೊನೆಗೆ ಹಳೇ ಟಯರ್ ಹಾಕಿಸಿಕೊಳ್ಳಲು ಬಂದಾಗ ಉಸ್ತಾದರು ಜಾಕ್ ಹಚ್ಚಿ ಗಾಡಿ ಎತ್ತಿದರು. ಚನ್ನಬಸಪ್ಪನವರೇ ಅಂದರು: "ಹಾರ್ನ್ ಖರ್ಚು ಉಳದಿತ್ತು ನೋಡ್ರಿ."

ಆದರೆ ಇಷ್ಟು ವರ್ಷಗಳ ಗಾಡಿಗಳಲ್ಲಿ ನನ್ನ ಮನಸ್ಸಿನಲ್ಲಿ ನಿಂತಿರುವುದು ಇಂದೂಬಾಯಿಯವರ ಬೂದು ಬಣ್ಣದ ಪದ್ಮಿನಿ ಕಾರು.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಇಂದೂಬಾಯಿ ಕಮಲಾಪುರದ ಪ್ರೌಢಶಾಲೆಯಲ್ಲಿ ವಿಜ್ಞಾನದ ಟೀಚರ್. ಅವರ ಪತಿ ಗೋವಿಂದರಾವ್ ಸೂಪರ್ ಮಾರ್ಕೆಟ್ ಹತ್ತಿರದ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ಮನೆ ಬ್ರಹ್ಮಪುರದಲ್ಲಿ. ಇಬ್ಬರೂ ತಮ್ಮೊಳಗೆ ಮರಾಠಿ ಆಡುತ್ತಿದ್ದರು, ನಮ್ಮೊಂದಿಗೆ ಕನ್ನಡ. ಗಾಡಿ ಗೋವಿಂದರಾಯರ ಅಣ್ಣನದ್ದು. ಅವರು ಪುಣೆಗೆ ಹೋಗುವಾಗ ಬಿಟ್ಟು ಹೋಗಿದ್ದರು. ಮೊದಲು ಓಡಿಸುತ್ತಿದ್ದವರು ಗೋವಿಂದರಾಯರೇ. ಒಮ್ಮೆ ಮೊದಲ ಮಳೆ ಬಿದ್ದ ಸಂಜೆ ಹೆಂಡತಿಯನ್ನು ಕಮಲಾಪುರದಿಂದ ಕರೆತರುವಾಗ, ಕಮಲಾಪುರ ಬಿಟ್ಟು ಸ್ವಲ್ಪ ದೂರ ಬಂದಲ್ಲಿ ಇಳಿಜಾರಿನ ತಿರುವಿದೆ, ಅಲ್ಲಿ ಗಾಡಿ ಜಾರಿತು. ಟ್ರ್ಯಾಕ್ಟರ್ ಗಾಲಿಯಿಂದ ಉದುರಿದ ಎರೆಮಣ್ಣು ರಸ್ತೆಯ ಮೇಲೆ ಬೆಣ್ಣೆಯಂತಾಗಿತ್ತು. ಗಾಡಿ ಹೊಲಕ್ಕೆ ಇಳಿದು ಮಗ್ಗುಲಾಯಿತು. ಇಂದೂಬಾಯಿಗೆ ತರಚು ಗಾಯ, ರಾಯರ ಬಲ ಭುಜ ಮುರಿಯಿತು.

ಭುಜ ಕೂಡಿಕೊಂಡಿತು. ಆದರೆ ರಾಯರು ಮತ್ತೆ ಸ್ಟೇರಿಂಗ್ ಮುಟ್ಟಲಿಲ್ಲ. ಆ ರಸ್ತೆಗೆ ಬಸ್ಸಿನಲ್ಲಿಯೂ ಹೋಗಲಿಲ್ಲ. ಅದೇ ದಾರಿಯಲ್ಲಿರುವ ಹುಮನಾಬಾದಿನಲ್ಲಿ ಸೋದರಳಿಯನ ಮುಂಜಿ ಇದ್ದರೆ ಜ್ವರ ಎಂದು ಮನೆಯಲ್ಲಿ ಉಳಿದರಂತೆ. ಅದೇ ಹೊತ್ತಿನಲ್ಲಿ ಇಂದೂಬಾಯಿ ಡ್ರೈವಿಂಗ್ ಕಲಿತರು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಕಾರು ಓಡಿಸುವ ಹೆಂಗಸು ಆಗ ನಮ್ಮ ಊರಲ್ಲಿ ಅಪರೂಪ. ನಮ್ಮ ಗಲ್ಲಿಗೆ ಅವರ ಗಾಡಿ ತಿರುಗಿದರೆ ಟೇಲರ್ ಅಂಗಡಿಯ ಮಷಿನ್ ನಿಲ್ಲುತ್ತಿತ್ತು.

ಮೊದಲ ಸಲ ಬಂದಾಗ ಅವರು ದೂರು ಹೇಳಿದ ರೀತಿ ನನಗೆ ಹಿಡಿಸಿತು. ಸಾಮಾನ್ಯವಾಗಿ ಗಿರಾಕಿಗಳು "ಗಾಡಿ ಹೆಂಗೋ ಆಗ್ಲಿಕತ್ತದ" ಎನ್ನುತ್ತಾರೆ. ಇವರು ಹಾಗಲ್ಲ.

"ನೋಡ್ರಿ ಶಿವಶರಣಪ್ಪ, ನಾ ಸ್ಟೇರಿಂಗ್ ತಿರಗಿಸ್ತೀನಿ, ಗಾಡಿ ಸ್ವಲ್ಪ ಹೊತ್ತು ಕೇಳಂಗೇ ಇಲ್ಲ. ನಾ ಒಳಗ ಹೋಗು ಅಂದ್ರ ಅದು ಹೊರಗ ಹೋಗ್ತದ. ಸೀದಾ ರಸ್ತಾದಾಗ ಏನೂ ತೊಂದ್ರಿ ಇಲ್ಲ. ತಿರುವಿನ್ಯಾಗ ಅಷ್ಟೇ."

ಗಾಡಿ ಎತ್ತಿ ನೋಡಿದೆವು. ಅಪಘಾತದ ನಂತರ ಬೇರೆ ಕಡೆ ಆದ ರಿಪೇರಿ ಅದು. ಮುಂದಿನ ಗಾಲಿಗಳನ್ನು ಹಿಡಿಯುವ ಕಬ್ಬಿಣದ ಕೈಗಳ ರಬ್ಬರ್ ಬುಶ್‌ಗಳು ಹಿಟ್ಟಾಗಿದ್ದವು. ಗಾಡಿ ವಾಲದಂತೆ ಹಿಡಿಯುವ ಅಡ್ಡ ಸರಳಿನ ಒಂದು ಕೊಂಡಿಯೇ ಇರಲಿಲ್ಲ. ಎಡಗಾಲಿ ಒಂದಿಷ್ಟು ಹೊರಗೆ ವಾಲಿತ್ತು. ಬುಶ್ ಬದಲಿಸಿದೆವು, ಕೊಂಡಿ ಮಾಡಿಸಿ ಹಾಕಿದೆವು. ಕೈಯ ಬುಡದಲ್ಲಿ ತೆಳು ತಗಡು ಸೇರಿಸಿ, ತೆಗೆದು, ಮತ್ತೆ ಸೇರಿಸಿ ವಾಲಿಕೆ ಸರಿಮಾಡಿದೆವು. ಸ್ಟೇರಿಂಗ್ ಮನೆಗೆ ಬರುವಂತಾಯಿತು. ಕೊನೆಗೆ ದಾರ ಕಟ್ಟಿ ಟೋ ಹಿಡಿದೆವು. ಕುಸನೂರ ಬಯಲಲ್ಲಿ ಉಸ್ತಾದರೇ ಓಡಿಸಿ ನೋಡಿ ತಲೆಯಾಡಿಸಿದರು. ಇಂದೂಬಾಯಿ ಖುಷಿಯಿಂದ ಹೋದರು.

ಮಾರನೆಯ ದಿನ ಗೋವಿಂದರಾಯರು ಬಂದರು. ಸಣ್ಣ ಮೈ, ಇಸ್ತ್ರಿ ಮಾಡಿದ ಶರ್ಟು, ಕಚೇರಿಯ ಊಟದ ಹೊತ್ತು. ಉಸ್ತಾದರು ನಮಾಜಿಗೆ ಹೋಗಿದ್ದರು. ರಾಯರು ನನ್ನನ್ನು ಬದಿಗೆ ಕರೆದರು.

"ಶಿವಶರಣಪ್ಪ, ಒಂದು ಕೆಲಸ ಆಗಬೇಕು. ಸ್ಟೇರಿಂಗ್ ಸ್ವಲ್ಪ ಬಿಗಿ ಮಾಡಿ ಕೊಡು."

"ಯಾಕ್ರೀ? ಬಾಯಿಯವರಿಗೆ ಹಗೂರ ಆಗ್ಯಾದೇನು?"

"ಹಗೂರ ಆಗ್ಯಾದ ಅಂತನ ಹೇಳಾಕತ್ತೀನಿ. ಅಕಿಗೆ ತ್ರಾಸ ಆಗಬೇಕು. ಎರಡು ದಿನ ಕೈ ನೋಯಿಸಿಕೊಂಡ್ರ ಬಸ್ಸಿಗೆ ಹೋಗ್ತಾಳ. ಬಸ್ ಇಲ್ಲೇನು? ನೀನೂ ಒಂದು ಮಾತು ಹೇಳು, ಗಾಡಿ ಹಳೇದಾಗ್ಯಾದ ಅಂತ."

ನಾನು ಉಸ್ತಾದರನ್ನು ಕೇಳಿ ಎಂದೆ. ರಾಯರು ಉಸ್ತಾದರನ್ನು ಕಾಯಲಿಲ್ಲ. ಆಮೇಲೆ ನಾನು ಹೇಳಿದಾಗ ಉಸ್ತಾದರು ನಕ್ಕರು. "ಗಾಡಿ ಒಂದು, ಮಾಲಕ್ ಇಬ್ಬರು. ಒಬ್ಬರಿಗೆ ತಿರುಗಬೇಕು, ಇನ್ನೊಬ್ಬರಿಗೆ ನಿಲ್ಲಬೇಕು. ನೀ ಯಾರ ಮಾತೂ ಕೇಳಬ್ಯಾಡ, ಗಾಲೀ ಮಾತು ಕೇಳು."

ಕೆಲವು ವಾರ ಕಳೆದ ಮೇಲೆ ಇಂದೂಬಾಯಿ ಮತ್ತೆ ಬಂದರು. ಅದೇ ದೂರು. ನಮ್ಮ ಕೆಲಸದಲ್ಲಿ ಇದಕ್ಕಿಂತ ಅವಮಾನ ಬೇರೆ ಇಲ್ಲ. ಬಿಚ್ಚಿ ನೋಡಿದರೆ ಎಲ್ಲವೂ ನಾವು ಬಿಟ್ಟಂತೆಯೇ ಇತ್ತು. ತಗಡು ಕದಲಿರಲಿಲ್ಲ, ಬುಶ್‌ಗಳು ಹೊಸದರಂತೆಯೇ ಇದ್ದವು. ನಾನು ಟೋ ಮತ್ತೆ ಅಳೆಯಲು ದಾರ ತೆಗೆದುಕೊಂಡೆ. ಉಸ್ತಾದರು ದಾರ ಕಸಿದುಕೊಂಡು ಬಳಪ ಕೊಟ್ಟರು.

"ಟಯರಿನ ಭುಜದ ಮ್ಯಾಲ ಗೀಟು ಎಳಿ. ನೆಲಕ್ಕ ತಾಗೋ ಕಡಿಂದ ಬಾಜೂತನ."

ನಾನು ಎರಡೂ ಮುಂದಿನ ಟಯರುಗಳ ಅಂಚಿನಲ್ಲಿ ಅಡ್ಡಡ್ಡ ಬಿಳಿ ಗೀಟು ಎಳೆದೆ. ಇಂದೂಬಾಯಿಯವರನ್ನೇ ಓಡಿಸಲು ಹೇಳಿ, ನಾವಿಬ್ಬರೂ ಕೂತು ಕುಸನೂರಕ್ಕೆ ಹೋದೆವು. ಅವರು ಬಯಲಲ್ಲಿ ಎಡಕ್ಕೆ ಒಂದಷ್ಟು ಸುತ್ತು, ಬಲಕ್ಕೆ ಒಂದಷ್ಟು ಸುತ್ತು ಹಾಕಿದರು. ಇಳಿದು ನೋಡಿದರೆ ಗೀಟು ಅಂಚಿನಲ್ಲಷ್ಟೇ ಅಳಿಸಬೇಕಿದ್ದದ್ದು ಟಯರಿನ ಪಕ್ಕದಲ್ಲಿರುವ ಕಂಪನಿ ಹೆಸರಿನ ಅಕ್ಷರಗಳವರೆಗೂ ಅಳಿಸಿಹೋಗಿತ್ತು.

ಇಂದೂಬಾಯಿ ಮಂಡಿಯೂರಿ ಕೂತು ಬೆರಳಿಟ್ಟು ನೋಡಿದರು. "ಅಂದ್ರ ತಿರುಗೋವಾಗ ಟಯರ್ ಮಡಚಿ ಪಕ್ಕದ ಮ್ಯಾಲ ನಡೀಲಿಕತ್ತದ. ಹೌದಲ್ರೀ ಉಸ್ತಾದ್? ಮೆತ್ತನ ಚಪ್ಪಲಿ ಹಾಕ್ಕೊಂಡು ಓಡಿದಂಗ. ಕಾಲು ಒಂದು ಕಡಿ, ಚಪ್ಪಲಿ ಒಂದು ಕಡಿ."

"ಬಿಲ್ಕುಲ್," ಎಂದರು ಉಸ್ತಾದರು. ಅವರ ಮುಖದಲ್ಲಿ ಅಂಥ ಸಂತೋಷ ನಾನು ಕಂಡದ್ದು ಕಡಿಮೆ. "ಗಾಳಿ ಕಮ್ಮಿ ಅದ ಬಾಯಿ. ಭಾಳ ಕಮ್ಮಿ."

ಗಾಳಿ ಕಡಿಮೆಯಾದರೆ ಗಾಡಿ ತಿರುವಿನಲ್ಲಿ ಹೊರಗೆ ತಳ್ಳುವುದು ಹೊಸ ವಿಷಯವಲ್ಲ. ಸೋಜಿಗವೆಂದರೆ, ನಮ್ಮ ಅಂಗಡಿಯಿಂದ ಹೋಗುವಾಗ ಗಾಳಿ ಸರಿಯಾಗಿತ್ತು. ವಾಲ್ವ್ ಬದಲಿಸಿದೆ. ಟ್ಯೂಬುಗಳನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಕಣ್ಣು ನೋಯುವವರೆಗೆ ನೋಡಿದೆ. ಒಂದು ಗುಳ್ಳೆಯೂ ಏಳಲಿಲ್ಲ. ಗಾಳಿ ತುಂಬಿ ಕಳಿಸಿದೆವು. ಮುಂದಿನ ಸಲ ಬಂದಾಗ ಮತ್ತೆ ಕಡಿಮೆ. ಎರಡೂ ಮುಂದಿನ ಗಾಲಿಗಳಲ್ಲಿ, ಎರಡರಲ್ಲೂ ಸಮನಾಗಿ. ಹಿಂದಿನವು ಗಟ್ಟಿ.

ಅವರು ಹೋದ ಮೇಲೆ ಉಸ್ತಾದರು ಸ್ಟೂಲಿನ ಮೇಲೆ ಕೂತು ಬಹಳ ಹೊತ್ತು ಬೀಡಿ ಸೇದಿದರು. "ಪಂಕ್ಚರ್‌ಗೆ ಇಷ್ಟು ಇನ್ಸಾಫ್ ಗೊತ್ತಿರಂಗಿಲ್ಲ ಶಿವಶರಣ. ಆ ಕಡಿಗೂ ಅಷ್ಟೇ, ಈ ಕಡಿಗೂ ಅಷ್ಟೇ. ಗಾಳಿ ತಾನಾಗಿ ಹೋಗಿಲ್ಲ. ಯಾರೋ ಕಳಿಸ್ಯಾರ."

ಇಬ್ಬರಿಗೂ ಒಂದೇ ಹೆಸರು ಹೊಳೆದಿತ್ತು. ಗಂಡ ಹೆಂಡತಿಯ ನಡುವೆ ಹೇಗೆ ಕೈ ಹಾಕುವುದು? ರಾಯರನ್ನು ಒಬ್ಬರನ್ನೇ ಕರೆದು ಮಾತಾಡೋಣ, ಶುಕ್ರವಾರ ಆಗಲಿ ಎಂದರು ಉಸ್ತಾದರು.

ಶುಕ್ರವಾರಕ್ಕೆ ಮೊದಲೇ, ಒಂದು ಮಧ್ಯಾಹ್ನ, ಪದ್ಮಿನಿ ನಮ್ಮ ಗಲ್ಲಿಗೆ ಬಂತು. ಯಾವಾಗಲೂ ಸದ್ದಿಲ್ಲದೆ ನಿಲ್ಲುತ್ತಿದ್ದ ಗಾಡಿ ಅವತ್ತು ಜರ್ಕು ಹೊಡೆದು ನಿಂತಿತು. ಇಂದೂಬಾಯಿ ಇಳಿಯಲಿಲ್ಲ. ಹತ್ತಿರ ಹೋದರೆ ಸ್ಟೇರಿಂಗ್ ಹಿಡಿದ ಕೈ ಬಿಡಲಾಗದೆ ಕೂತಿದ್ದರು. ನೀರು ಕೊಟ್ಟ ಮೇಲೆ ಮಾತು ಬಂತು. ಶಾಲೆ ಅರ್ಧ ದಿನ ಇತ್ತು. ಬರುವಾಗ ಅದೇ ತಿರುವಿನಲ್ಲಿ ಎದುರಿಗೆ ಕಲ್ಲಿನ ಲಾರಿ. ಇವರು ಎಡಕ್ಕೆ ಎಳೆದಷ್ಟೂ ಗಾಡಿ ನಡುರಸ್ತೆಯ ಕಡೆಗೆ ತಳ್ಳಿತು. ಲಾರಿಯವನೇ ತನ್ನ ಗಾಡಿಯನ್ನು ಮಣ್ಣಿಗೆ ಇಳಿಸಿ ಇವರನ್ನು ಉಳಿಸಿದ್ದ.

"ಹೋಗಿ ರಾವಸಾಬರನ್ನ ಕರ್ಕೊಂಡು ಬಾ. ಬಾಯಿಗೆ ಏನೂ ಆಗಿಲ್ಲ ಅಂತ ಮೊದಲ ಹೇಳು," ಎಂದರು ಉಸ್ತಾದರು.

ಹೇಳಿದೆ. ಆದರೂ ರಾಯರು ಕಚೇರಿಯಿಂದ ಚಪ್ಪಲಿ ಮೆಟ್ಟದೆಯೇ ಹೊರಟರು. ಗ್ಯಾರೇಜಿನಲ್ಲಿ ಹೆಂಡತಿ ಸ್ಟೂಲಿನ ಮೇಲೆ ಕೂತಿರುವುದನ್ನು ನೋಡಿ ನಿಂತರು. ಅವರ ಕಣ್ಣು ಆಮೇಲೆ ಹೋದದ್ದು ಮುಂದಿನ ಗಾಲಿಗೆ. ಟಯರಿನ ಪಕ್ಕ ಪೂರ್ತಿ ಉಜ್ಜಿ ಬೂದಿ ಬಣ್ಣವಾಗಿತ್ತು. ನಾವು ಯಾರೂ ಒಂದು ಮಾತು ಆಡಿರಲಿಲ್ಲ. ಅವರೇ ಅಂದರು:

"ನಾ ಬಿಟ್ಟೆ. ಗಾಳಿ ನಾನೇ ಬಿಟ್ಟೆ ಇಂದೂ."

ಇಂದೂಬಾಯಿಗೆ ತಕ್ಷಣ ಅರ್ಥವಾಗಲಿಲ್ಲ. ರಾಯರು ಮುಂದುವರಿಸಿದರು. "ಸ್ಟೇರಿಂಗ್ ಭಾರ ಆಗ್ತದ, ನೀ ಬೇಸರಾಗಿ ಬಿಡ್ತಿ ಅಂತ ತಿಳಕೊಂಡೆ. ನಿಧಾನ ಹೋಗ್ತಿ ಅಂತ ತಿಳಕೊಂಡೆ. ಹಿಂಗಾಗ್ತದ ಅಂತ ದೇವರಾಣಿ ಗೊತ್ತಿರಲಿಲ್ಲ."

ಟೇಲರ್ ಮಷಿನ್ ಅವತ್ತೂ ನಿಂತಿತ್ತು. ಇಂದೂಬಾಯಿ ಎದ್ದರು. ಸಿಟ್ಟಿನಲ್ಲಿ ಮರಾಠಿಗೆ ತಿರುಗುತ್ತಾರೆ ಎಂದುಕೊಂಡೆ. ಕನ್ನಡದಲ್ಲೇ ಹೇಳಿದರು, ಎಲ್ಲರಿಗೂ ಕೇಳುವಂತೆ.

"ನಾ ಗಾಡಿ ಯಾಕ ಕಲ್ತೆ ಅಂತ ಒಮ್ಮೆನಾದ್ರೂ ಕೇಳಿದ್ರೇನು? ಶೋಕಿಗಲ್ಲ. ಆವತ್ತು ಗಾಡಿ ಹೊಲಕ್ಕ ಇಳೀಲಿಕತ್ತಾಗ ನಿಮ್ಮ ಮುಖ ನೋಡ್ಕೋತ ಕೂತಿದ್ದೆ. ಏನು ಮಾಡಬೇಕು ಅಂತ ಗೊತ್ತಿರಲಿಲ್ಲ. ನಿಮಗ ರಕ್ತ ಸೋರ್ತಿತ್ತು, ಮಂದಿ ಬಂದು ಗಾಡಿ ಎತ್ತಿ ನಿಲ್ಲಿಸಿದ್ರೂ ಹೊಡೆಯಾಕ ಬರೋರೊಬ್ಬರು ಸಿಗೋತನ ರಸ್ತಾದ ಮ್ಯಾಲ ಕೈ ಮಾಡ್ಕೋತ ನಿಂತೆ. ಮತ್ತ ಹಂಗ ನಿಂದ್ರಂಗಿಲ್ಲ ಅಂತ ಕಲ್ತೆ."

ರಾಯರು ನೆಲ ನೋಡುತ್ತ ನಿಂತರು. ಅವರು ಬರಿಗಾಲಲ್ಲಿ ಬಂದದ್ದು ಇಂದೂಬಾಯಿಗೆ ಆಗ ಕಂಡಿತೇನೋ, ದನಿ ತಗ್ಗಿತು. "ಹಂಚಿನ ತುಂಡು ಬಿದ್ದಾವ, ಸರದು ನಿಲ್ರಿ," ಎಂದರು.

ಬೇರೆ ಯಾರಾದರೂ ಆಗಿದ್ದರೆ ಚಹಾ ತರಿಸಿ ಸಮಾಧಾನ ಮಾಡಿ ಕಳಿಸುತ್ತಿದ್ದರು. ಉಸ್ತಾದರು ನನಗೆ ಗಾಳಿ ತುಂಬಲು ಹೇಳಿದರು. ಒಂದೊಂದು ಗಾಲಿಯನ್ನೂ ತಾವೇ ಗೇಜು ಹಿಡಿದು ನೋಡಿದರು. ಆಮೇಲೆ ಹಿಂದಿನ ಬಾಗಿಲು ತೆಗೆದು ಕೂತರು.

"ನಡೀರಿ ಬಾಯಿ, ಕಮಲಾಪುರಕ್ಕ. ರಾವಸಾಬ್, ನೀವು ಮುಂದ ಕೂಡ್ರಿ. ಶಿವಶರಣ, ನೀ ನನ್ನ ಬಾಜೂಕ."

"ಇವತ್ತ ಬ್ಯಾಡ ಉಸ್ತಾದ್," ಎಂದರು ರಾಯರು.

"ಇವತ್ತ ಆಗದಿದ್ರ ಇನ್ನ ಯಾವಾಗ್ರೀ? ಬಾಯಿಯವರ ಕೈಯಾಗ ಇನ್ನೂ ನಡುಕ ಅದ. ಅದನ್ನ ಮನಿಗೆ ಒಯ್ದರ ಮನ್ಯಾಗ ಉಳೀತದ. ನಿಮ್ಮದು ಉಳದಂಗ."

ರಾಯರು ಆ ಮಾತಿಗೆ ಉಸ್ತಾದರ ಮುಖವನ್ನೇ ನೋಡಿದರು. ಬಳಿಕ ಕೂತರು.

ತೊಗರಿ ಹೂಬಿಟ್ಟ ದಿನಗಳು. ಎರಡೂ ಬದಿ ಹಳದಿ. ಮಹಾಗಾಂವ ಕ್ರಾಸ್ ದಾಟಿದ ಮೇಲೆ ನೆಲ ಕಪ್ಪಿನಿಂದ ಕೆಂಪಿಗೆ ತಿರುಗತೊಡಗಿತು. ರಾಯರ ಎಡಗೈ ಬಾಗಿಲ ಹಿಡಿಕೆಯ ಮೇಲಿತ್ತು, ಭುಜ ಮುರಿದಿದ್ದ ಬಲಗೈಯನ್ನು ಎದೆಗೆ ಒತ್ತಿ ಮಡಚಿಕೊಂಡಿದ್ದರು. ಹಿಂದೆ ಕೂತ ನನಗೆ ಅವರ ಕುತ್ತಿಗೆಯ ನರ ಕಾಣುತ್ತಿತ್ತು.

ತಿರುವು ಬಂತು. ಹೋಗುವಾಗ ಅದು ಏರು. "ಮೊದಲ ಸ್ಪೀಡ್ ಕಮ್ಮಿ ಮಾಡ್ರಿ, ತಿರುವಿನ ಒಳಗ ಬ್ರೇಕ್ ಹಿಡೀಬ್ಯಾಡ್ರಿ," ಎಂದು ಉಸ್ತಾದರು ಮೆಲ್ಲಗೆ ಹೇಳಿದರು. ಏರು ದಾಟಿತು. ಮೇಲೆ ಗಾಡಿ ತಿರುಗಿಸಿಕೊಂಡು ಈಗ ಇಳಿಜಾರಿನಲ್ಲಿ ಬಂದೆವು. ರಾಯರು ಕಣ್ಣು ಮುಚ್ಚಿದರು. ನಡುತಿರುವಿನಲ್ಲಿ ಕಣ್ಣು ತೆರೆದು "ಬ್ರೇಕ್! ಇಂದೂ, ಬ್ರೇಕ್!" ಎಂದು ಕೂಗಿದರು. ಇಂದೂಬಾಯಿ ಹಿಡಿಯಲಿಲ್ಲ. ಸ್ಟೇರಿಂಗ್ ತಿರುಗಿಸಿದಷ್ಟು ಮೂಗು ತಿರುಗಿತು. ಗಾಡಿ ಹೊರಮಗ್ಗುಲಿಗೆ ಒಂದಿಷ್ಟು ಬಾಗಿ, ಅಲ್ಲಿಯೇ ಕೂತು, ಹಗ್ಗ ಕಟ್ಟಿ ಎಳೆದಂತೆ ಬಿಳಿ ಕಲ್ಲುಗಳ ಸಾಲಿಗೆ ಸಮನಾಗಿ ನಡೆಯಿತು. ತಿರುವು ಮುಗಿದ ಮೇಲೆ ಅವರು ಕೈ ಸಡಿಲಿಸಿದರು. ಸ್ಟೇರಿಂಗ್ ತಾನೇ ಮನೆಗೆ ಬಂತು.

"ನಿಲ್ಲಸ್ತೀಯೇನು," ಎಂದರು ರಾಯರು.

ಇಳಿದು ಹಿಂದಕ್ಕೆ ನಡೆದು ಹೋದರು. ನಾವು ಗಾಡಿಯ ಹತ್ತಿರವೇ ನಿಂತೆವು. ಇಂದೂಬಾಯಿ ಒಂದು ಕ್ಷಣ ನಿಂತು ಅವರ ಹಿಂದೆ ಹೋದರು. ಹೊಲದಲ್ಲಿ ಮೊಣಕಾಲೆತ್ತರದ ಬೆಳೆ. ರಸ್ತೆಯಿಂದ ಹೊಲಕ್ಕೆ ಇರುವ ಇಳಿಜಾರು ಒಬ್ಬ ಮನುಷ್ಯ ಜಿಗಿಯುವಷ್ಟು, ಅಷ್ಟೇ. ಮರಳಿ ಬಂದಾಗ ರಾಯರು ಉಸ್ತಾದರಿಗೆ ಹೇಳಿದರು:

"ಇಷ್ಟೇ ಅದ ನೋಡ್ರಿ ಆ ತಗ್ಗು. ನನ್ನ ಕನಸಿನ್ಯಾಗ ಬಾವಿಯಷ್ಟು ಆಳ ಇರ್ತದ."

ಉಸ್ತಾದರು ಅವರ ಭುಜದ ಮೇಲೆ ಕೈ ಇಟ್ಟರು, ಮುರಿಯದ ಭುಜದ ಮೇಲೆ. ಕಮಲಾಪುರದ ಹೆಂಗಸೊಬ್ಬಳು ಕೆಂಪು ಬಾಳೆಹಣ್ಣಿನ ಬುಟ್ಟಿ ಹೊತ್ತು ಬಸ್ಸಿಗೆ ನಿಂತಿದ್ದಳು. ಇಂದೂಬಾಯಿ ಹಣ್ಣು ಕೊಂಡರು. ಗಾಡಿಗೆ ಒರಗಿ ಎಲ್ಲರೂ ತಿಂದೆವು. ಅಷ್ಟು ಹಸಿವಾಗಿದೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಅದಾದ ಮೇಲೆ ರಾಯರು ಭಾನುವಾರಗಳಲ್ಲಿ ಹೆಂಡತಿಯ ಪಕ್ಕ ಕೂತು ಗ್ಯಾರೇಜಿಗೆ ಬರತೊಡಗಿದರು. ಗಾಳಿ ನೋಡುವ ಕೆಲಸ ತಮ್ಮದೇ ಎಂದು ಗೇಜೊಂದನ್ನು ಕೊಂಡರು. ಕ್ಯಾಂಬರ್ ಎಂದರೇನು, ತಗಡು ಯಾಕೆ ಹಾಕುತ್ತೀರಿ ಎಂದು ಕೇಳಿ ಕೇಳಿ ನಮ್ಮ ಕೆಲಸ ತಡ ಮಾಡುತ್ತಿದ್ದರು. ಆದರೆ ಸ್ಟೇರಿಂಗ್ ಹಿಡಿಯುವ ಮಾತು ಬಂದರೆ ಭುಜ ನೋಯುತ್ತದೆ ಎನ್ನುತ್ತಿದ್ದರು. ಇಂದೂಬಾಯಿ ಒತ್ತಾಯ ಮಾಡುತ್ತಿರಲಿಲ್ಲ. ಒಮ್ಮೆ ನಾನೇ ಕೇಳಿದೆ, ಕುಸನೂರ ಬಯಲಿನಲ್ಲಾದರೂ ಓಡಿಸಬಾರದೇ ಎಂದು. "ನೋಡೋಣು," ಎಂದರು. ಆ ನೋಡೋಣದಲ್ಲಿ ವರ್ಷಗಳು ಹೋದವು.

ಅಷ್ಟರಲ್ಲಿ ನಮ್ಮ ಕೆಲಸವೇ ಬದಲಾಯಿತು. ಗಾಲಿಗೆ ಕನ್ನಡಿ ಕಟ್ಟಿ ಗೋಡೆಯ ಮೇಲಿನ ಅಂಕಿಗೆ ಬೆಳಕು ಬಿಡುವ ಯಂತ್ರ ಬಂತು. ದಾರದ ಉಂಡೆ ಮೊಳೆಗೆ ತೂಗಿತು. ಹೊಸ ಸಣ್ಣ ಕಾರುಗಳು ಬಂದವು. ಅವುಗಳಲ್ಲಿ ತಗಡು ಸೇರಿಸುವ ಜಾಗವೇ ಇಲ್ಲ, ಟೋ ಒಂದನ್ನು ಬಿಟ್ಟರೆ ಮಿಕ್ಕದ್ದು ಕಾರ್ಖಾನೆಯಲ್ಲೇ ನಿಶ್ಚಯವಾಗಿರುತ್ತಿತ್ತು. ರಸ್ತೆಯನ್ನು ಹೆಚ್ಚು ಬಿಗಿಯಾಗಿ ಹಿಡಿಯುವ ರೇಡಿಯಲ್ ಟಯರ್ ಬಂದ ಮೊದಲ ದಿನಗಳಲ್ಲಿ ಜನ ಉಳಿತಾಯಕ್ಕೆಂದು ಮುಂದೆ ಎರಡು ರೇಡಿಯಲ್, ಹಿಂದೆ ಎರಡು ಹಳೇ ನಮೂನೆಯವು ಹಾಕಿಸುತ್ತಿದ್ದರು. ಮೂಗು ಗಟ್ಟಿಯಾಗಿ ತಿರುಗಿ ಬಾಲ ಜಾರುತ್ತಿತ್ತು. ಹಾಗೆ ಬಂದ ಒಂದು ಟ್ಯಾಕ್ಸಿಯ ಕೀಲಿಯನ್ನು ಉಸ್ತಾದರು ಡ್ರೈವರಿಗೆ ಕೊಡದೆ ಕಿಸೆಯಲ್ಲಿಟ್ಟುಕೊಂಡು ಜಗಳವಾಡಿದರು. ಅವರು ಕೂಗಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಈ ಕೆಲಸಕ್ಕೆ ಬರುವವರು ಇದನ್ನು ನೆನಪಿಡಬೇಕು. ನೀವು ಗಾಡಿ ಕೊಟ್ಟ ಮೇಲೆ ಅದು ತಿರುವಿಗೆ ಹೋಗುತ್ತದೆ, ನೀವು ಅಲ್ಲಿರುವುದಿಲ್ಲ.

ಕಂಪ್ಯೂಟರ್ ಯಂತ್ರ ಕೊಳ್ಳುವ ಹೊತ್ತಿಗೆ ಉಸ್ತಾದರ ಕಣ್ಣು ಮಂಜಾಗಿತ್ತು. ಅವರ ಮಗ ಯಂತ್ರ ತರಿಸಿದ. ತೆರೆಯ ಮೇಲೆ ಹಸಿರು, ಕೆಂಪು ಬಣ್ಣ. ಉಸ್ತಾದರು ಒಂದು ದಿನ ಬಂದು ಕೂತು, ನಾನು ಓದಿ ಹೇಳಿದ ಅಂಕಿಗಳನ್ನು ಕೇಳಿದರು. ಆಮೇಲೆ ಟಯರಿನ ಮೇಲೆ ಅಂಗೈ ಸವರಿ, "ಸಹೀ ಹೇಳ್ತದ," ಎಂದು ಯಂತ್ರಕ್ಕೆ ಸರ್ಟಿಫಿಕೇಟು ಕೊಟ್ಟರು. ಅದರ ಮುಂದಿನ ಚಳಿಗಾಲದಲ್ಲಿ ತೀರಿಕೊಂಡರು. ಮಣ್ಣಿಗೆ ಬಂದವರಲ್ಲಿ ಇಂದೂಬಾಯಿ ದಂಪತಿ ಇದ್ದರು. ಹೆಂಗಸರು ನಿಲ್ಲುವ ಕಡೆ ಇಂದೂಬಾಯಿ ತಲೆಯ ಮೇಲೆ ಸೆರಗು ಹೊದ್ದು ನಿಂತಿದ್ದರು.

ಇಂದೂಬಾಯಿ ನಿವೃತ್ತರಾದ ವರ್ಷ ಶಾಲೆಯವರು ಬೀಳ್ಕೊಡುಗೆ ಇಟ್ಟುಕೊಂಡಿದ್ದರು. "ಶಿವಶರಣಪ್ಪ, ಈ ಗಾಡಿ ಇಷ್ಟು ವರ್ಷ ನನ್ನ ಹೊತ್ತದ ಅಂದ್ರ ನಿಮ್ಮದೂ ಪಾಲು ಅದ. ನೀವೂ ಬರಬೇಕು," ಎಂದು ನನ್ನನ್ನೂ ಕರೆದರು. ಬೆಳಿಗ್ಗೆ ಬ್ರಹ್ಮಪುರಕ್ಕೆ ಹೋದೆ. ಪದ್ಮಿನಿ ತೊಳೆದು ನಿಲ್ಲಿಸಿದ್ದರು. ಇಂದೂಬಾಯಿ ಹೊಸ ಇರಕಲ್ ಸೀರೆ ಉಟ್ಟು ಬಂದರು. ಅಂಗಳಕ್ಕೆ ಬಂದು ನಿಂತವರು ಹಾಗೆಯೇ ನಿಂತರು. ಡ್ರೈವರ್ ಸೀಟಿನಲ್ಲಿ ಗೋವಿಂದರಾಯರು ಕೂತಿದ್ದರು.

"ಕೈ ನೋಯಂಗಿಲ್ಲೇನು?" ಎಂದರು ಇಂದೂಬಾಯಿ.

"ನೋಯ್ತದ," ಎಂದರು ರಾಯರು. "ಕೂಡು, ಹೊತ್ತಾಗ್ತದ."

ನಾನು ಹಿಂದೆ ಕೂತೆ. ಯಾವಾಗ ಅಭ್ಯಾಸ ಮಾಡಿಕೊಂಡರೋ, ಯಾರ ಗಾಡಿಯಲ್ಲಿ ಮಾಡಿಕೊಂಡರೋ ಇವತ್ತಿಗೂ ತಿಳಿದಿಲ್ಲ. ಗಿಯರ್ ಹಾಕುವಾಗ ಒಂದೆರಡು ಸಲ ಕರ್ ಎಂದಿತು. ಊರು ಬಿಟ್ಟ ಮೇಲೆ ಕೈ ಹಿಡಿತಕ್ಕೆ ಬಂತು. ತಿರುವು ಹತ್ತಿರವಾದಂತೆ ನನ್ನ ಅಂಗಾಲು ತಾನಾಗಿ ನೆಲ ಒತ್ತತೊಡಗಿತು. ಇಂದೂಬಾಯಿ ಮಾತ್ರ ಕಿಟಕಿಯ ಕಡೆ ತಿರುಗಿ ಬಾಳೆ ತೋಟಗಳನ್ನು ನೋಡುತ್ತ, ಈ ಸಲ ಉಳ್ಳಾಗಡ್ಡಿ ಚಲೋ ಬಂದಿಲ್ಲವಂತೆ, ಶಾಲೆಯ ಹೆಡ್‌ಮಾಸ್ಟರು ಭಾಷಣ ಉದ್ದ ಮಾಡುತ್ತಾರೆ ಎಂದು ಏನೇನೋ ಹೇಳುತ್ತಿದ್ದರು. ಒಮ್ಮೆಯೂ ರಸ್ತೆ ನೋಡಲಿಲ್ಲ. ಗಾಡಿ ಬಾಗಿ, ಕೂತು, ತಿರುಗಿತು. ರಾಯರು ಮೇಲಕ್ಕೆ ಬಂದ ಮೇಲೆ ಉಸಿರು ಬಿಟ್ಟರು. ಆ ಸದ್ದು ಕೇಳಿದ ಮೇಲಷ್ಟೇ ಇಂದೂಬಾಯಿ ಮಾತು ನಿಲ್ಲಿಸಿದರು.

ಶಾಲೆಯ ಅಂಗಳದಲ್ಲಿ ರಾಯರು ಗಾಡಿಯನ್ನು ಓರೆಯಾಗಿ, ಅರ್ಧ ದಾರಿಗೆ ಅಡ್ಡವಾಗಿ ನಿಲ್ಲಿಸಿದರು. ಮಕ್ಕಳು ನಕ್ಕರು. ಇಂದೂಬಾಯಿ ಅದನ್ನು ಸರಿಪಡಿಸಲು ಹೋಗಲಿಲ್ಲ. ಹಾರ ಹಾಕಿಸಿಕೊಂಡರು, ಹೆಡ್‌ಮಾಸ್ಟರ ಉದ್ದ ಭಾಷಣ ಕೇಳಿದರು, ಎಲ್ಲರೊಂದಿಗೆ ಪಂಕ್ತಿಯಲ್ಲಿ ಕೂತು ಹುಗ್ಗಿ ಉಂಡರು. ಸಂಜೆ ಹೊರಡುವಾಗ ಕೈತುಂಬ ಹೂವು ಹಿಡಿದು ಸೀದಾ ಎಡಗಡೆಯ ಬಾಗಿಲಿಗೆ ನಡೆದರು. ಕೀಲಿ ರಾಯರ ಕಿಸೆಯಲ್ಲಿತ್ತು. ರಾಯರು ಅದನ್ನು ತೆಗೆದು ಬಲಗಡೆಯ ಬಾಗಿಲಿಗೆ ಹಚ್ಚಿದರು.